ಮುಳ್ಳು ಸೊನ್ನೆಗೆ ಬಿತ್ತು, ಸೆನ್ಸರ್ ಬದಲಿಸಿದರೂ ಏಳಲಿಲ್ಲ

ಓದುಗರ ಪ್ರಶ್ನೆಗಳಿಗೆ ಕಾರಿನ ಎಲೆಕ್ಟ್ರಿಕಲ್ ಕೆಲಸದವರೊಬ್ಬರ ಉತ್ತರ

ಈ ಸಲ ಆರಿಸಿಕೊಂಡ ಐದೂ ಪತ್ರಗಳು ಒಂದೇ ವಿಷಯದ್ದು: ಕಾರಿನ ವೇಗದ ಸಿಗ್ನಲ್. ಇದರಲ್ಲಿ ಸುಮ್ನೆ ದುಡ್ಡು ಕಳೆದುಕೊಳ್ಳುವವರು ಜಾಸ್ತಿ, ಅದಕ್ಕೇ ಒಟ್ಟಿಗೆ ತೆಗೆದುಕೊಂಡೆ.

ನನ್ನ ಅಪ್ಪನೂ ಇದೇ ಕೆಲಸದಲ್ಲಿದ್ದರು. ಅವರ ಕಾಲದ ಕಾರುಗಳಲ್ಲಿ ಗೇರ್‌ಬಾಕ್ಸ್‌ನಿಂದ ಸ್ಪೀಡೋಮೀಟರ್‌ವರೆಗೆ ಒಂದು ಕೇಬಲ್ ಇರುತ್ತಿತ್ತು. ಅದರ ಒಳಗಿನ ತಂತಿ ತಿರುಗಿದಂತೆ ಮುಳ್ಳು ಏಳುತ್ತಿತ್ತು. ಕೇಬಲ್ ತುಂಡಾದರೆ ಮುಳ್ಳು ಬೀಳುತ್ತಿತ್ತು ಅಷ್ಟೇ, ಕಾರು ತನ್ನ ಪಾಡಿಗೆ ಓಡುತ್ತಿತ್ತು. ಈಗ ಅದೇ ವೇಗದ ಲೆಕ್ಕ ಎಂಜಿನ್ ಕಂಪ್ಯೂಟರ್‌ಗೆ (ಇದನ್ನೇ ಇಸಿಯು ಅನ್ನುವುದು) ಬೇಕು, ಪವರ್ ಸ್ಟೀರಿಂಗ್‌ಗೆ ಬೇಕು, ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬೇಕು. ತಾನಾಗಿ ಬೀಳುವ ಬಾಗಿಲ ಲಾಕ್‌ಗೂ ಬೇಕು. ಹಾಗಾಗಿ ಯಾವ ಕಾರು ಬಂದರೂ ನಾನು ಮೊದಲು ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಈ ಕಾರಿನಲ್ಲಿ ವೇಗ ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟಿ ಯಾರಿಗೆ ಹೋಗುತ್ತದೆ ಎಂದು ಗೆರೆ ಎಳೆಯುತ್ತೇನೆ. ವೈರಿಂಗ್ ಡಯಾಗ್ರಾಂ ನೋಡಿ ಆ ಗೆರೆ ಎಳೆಯಲು ಹತ್ತು ನಿಮಿಷ ಸಾಕು. ಅದಾದ ಮೇಲೆಯೇ ಸ್ಪಾನರ್.

*

ಪ್ರಶ್ನೆ: ಮೇಡಂ, ನಮ್ಮದು 11 ವರ್ಷ ಹಳೆಯ ಪೆಟ್ರೋಲ್ ಕಾರು, ಮ್ಯಾನುವಲ್ ಗೇರ್. ಅರ್ಧ ಗಂಟೆ ಓಡಿಸಿದ ಮೇಲೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ. ಕಿಲೋಮೀಟರ್ ಲೆಕ್ಕವೂ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಎಂಜಿನ್ ದೀಪ ಹತ್ತುತ್ತದೆ. ಆಮೇಲೆ ಬ್ರೇಕ್ ಹಾಕಿ ನಿಲ್ಲಿಸುವಾಗ ಕೆಲವು ಸಲ ಎಂಜಿನ್ ಆಫ್ ಆಗುತ್ತದೆ. ಸ್ಟೀರಿಂಗ್ ಕೂಡ ಬೇರೆ ಥರ ಅನ್ನಿಸುತ್ತದೆ. ಸ್ಕ್ಯಾನರ್‌ನಲ್ಲಿ ಪಿ0500 ಎಂಬ ದೋಷದ ಕೋಡ್ ಬಂತು. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಮೇಲಿನ ಸ್ಪೀಡ್ ಸೆನ್ಸರ್ ಎರಡು ಸಲ ಬದಲಿಸಿದರು. ಈಗ ಇಸಿಯು ಹೋಗಿದೆ, ಅದನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲೇ? (ಡ್ಯಾಶ್‌ಬೋರ್ಡ್ ಮೇಲೆ ಕೈಯಿಂದ ತಟ್ಟಿದರೆ ಒಮ್ಮೊಮ್ಮೆ ಮುಳ್ಳು ಮತ್ತೆ ಏಳುತ್ತದೆ. ಇದು ಮುಖ್ಯವೋ ಅಲ್ಲವೋ ಗೊತ್ತಿಲ್ಲ.)

ಉತ್ತರ: ಬದಲಿಸಬೇಡಿ. ನೀವು ಕಂಸದೊಳಗೆ ಹಾಕಿದ ಆ ಮಾತೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅದನ್ನು ಗ್ಯಾರೇಜಿನವರಿಗೆ ಹೇಳಿದ್ದಿರಾ? ಅವರು ಕೇಳಿದ್ದರಾ?

ಮೊದಲು ಪಿ0500 ಏನು ಹೇಳುತ್ತದೆ ಎಂದು ಸರಿಯಾಗಿ ತಿಳಿದುಕೊಳ್ಳೋಣ. 'ಸೆನ್ಸರ್ ಸತ್ತಿದೆ' ಎಂದು ಅದು ಹೇಳುವುದಿಲ್ಲ. ಎಂಜಿನ್ ತಿರುಗುತ್ತಿದೆ, ಅದರ ಮೇಲೆ ಭಾರವೂ ಇದೆ, ಹಾಗಾದರೆ ಕಾರು ಓಡುತ್ತಿರಲೇಬೇಕು, ಆದರೆ ನನಗೆ ವೇಗ ಸೊನ್ನೆ ಎಂದೇ ಕಾಣುತ್ತಿದೆ: ಇಸಿಯು ಹೇಳುವುದು ಇಷ್ಟು. ದೂರು ಕೊಟ್ಟವರು ಇಸಿಯು. ತಪ್ಪು ಅದರ ಮತ್ತು ಚಕ್ರದ ನಡುವೆ ಎಲ್ಲಿ ಬೇಕಾದರೂ ಇರಬಹುದು. ಕೋಡ್‌ನಲ್ಲಿ ಸೆನ್ಸರ್ ಎಂಬ ಪದ ಕಂಡ ಕೂಡಲೇ ಸೆನ್ಸರ್ ಬಿಚ್ಚುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಂದು ಸಲ ಬದಲಿಸಿದ್ದು ಹೋಗಲಿ ಅನ್ನಬಹುದು. ಎರಡನೇ ಸಲ ಅದನ್ನೇ ಬದಲಿಸುವ ಮೊದಲು ಯಾರಾದರೂ ಮೀಟರ್ ಹಿಡಿದು ಅಳೆಯಬೇಕಿತ್ತು.

ಈಗ ನಿಮ್ಮ ಕಾರಿನ ಹಾಳೆ ಬರೆಯೋಣ. ನಿಮ್ಮ ಕಾರಿನ ಕಾಲದ ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಸೆನ್ಸರ್‌ನ ಸಿಗ್ನಲ್ ನೇರವಾಗಿ ಇಸಿಯುಗೆ ಹೋಗುವುದಿಲ್ಲ. ಮೊದಲು ಡ್ಯಾಶ್‌ಬೋರ್ಡಿನ ಮೀಟರ್ ಕ್ಲಸ್ಟರ್‌ಗೆ, ಅಂದರೆ ಮುಳ್ಳುಗಳೆಲ್ಲ ಇರುವ ಪೆಟ್ಟಿಗೆಗೆ ಬರುತ್ತದೆ. ಕ್ಲಸ್ಟರ್ ಅದನ್ನು ಹದ ಮಾಡಿ ಎಂಜಿನ್ ಇಸಿಯು, ಸ್ಟೀರಿಂಗ್ ಇಸಿಯು ಎಲ್ಲಕ್ಕೂ ಹಂಚುತ್ತದೆ. ನಿಮ್ಮಲ್ಲಿ ಮುಳ್ಳು, ಕಿಲೋಮೀಟರ್ ಲೆಕ್ಕ, ಎಂಜಿನ್, ಸ್ಟೀರಿಂಗ್ ನಾಲ್ಕೂ ಒಟ್ಟಿಗೆ ಕೈಕೊಡುತ್ತಿವೆ. ಅಂದರೆ ತಪ್ಪು ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ ಅಲ್ವಾ? ಇಸಿಯು ಒಂದೇ ಹೋಗಿದ್ದರೆ ಮುಳ್ಳು ಯಾಕೆ ಬೀಳಬೇಕು? ಬ್ರೇಕ್ ಹಾಕಿದಾಗ ಎಂಜಿನ್ ನಿಲ್ಲುವುದಕ್ಕೂ ಇದೇ ಕಾರಣ. ಕಾರು ಇನ್ನೂ ಉರುಳುತ್ತಿದೆಯೋ, ನಿಂತಿದೆಯೋ ಎಂದು ನೋಡಿಕೊಂಡು ಇಸಿಯು ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ಓಟ) ಹಿಡಿಯುತ್ತದೆ. ಆ ಲೆಕ್ಕ ಸಿಗದಿದ್ದರೆ ನಿಲ್ಲಿಸುವ ಹೊತ್ತಿಗೆ ಅದು ತಡವರಿಸುತ್ತದೆ.

ಸೇರಿದ ಜಾಗ ಎಂದರೆ ಸೆನ್ಸರ್, ಅದನ್ನು ತಿರುಗಿಸುವ ಹಲ್ಲಿನ ಗೇರ್, ಅದರಿಂದ ಕ್ಲಸ್ಟರ್‌ವರೆಗಿನ ವೈರು, ಮತ್ತು ಕ್ಲಸ್ಟರ್. ಕಾರು ಬಿಸಿಯಾದ ಮೇಲೆ ಬೀಳುತ್ತದೆ, ತಟ್ಟಿದರೆ ಏಳುತ್ತದೆ ಎಂದಿದ್ದೀರಿ. ನನ್ನ ಅನುಮಾನ ಕ್ಲಸ್ಟರ್ ಒಳಗೆ ಬೆಸುಗೆ ಬಿಟ್ಟಿರುವುದರ ಮೇಲೆ. ಹಿಂದಿನ ಕನೆಕ್ಟರ್ ಪಿನ್ನುಗಳು ಬೋರ್ಡಿಗೆ ಸೇರುವ ಕಡೆ ವರ್ಷಗಟ್ಟಲೆ ಅದುರಿ ಅದುರಿ ಬೆಸುಗೆ ಸುತ್ತ ಕೂದಲಿನಷ್ಟು ತೆಳು ಬಿರುಕು ಬೀಳುತ್ತದೆ. ತಣ್ಣಗಿದ್ದಾಗ ತಾಗಿಕೊಂಡಿರುತ್ತದೆ. ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ.

ಆದರೆ ನನ್ನ ಅನುಮಾನ ನಂಬಿ ಕ್ಲಸ್ಟರ್ ಬದಲಿಸಿದರೆ ಮತ್ತೆ ಅದೇ ತಪ್ಪು ಮಾಡಿದಂತೆ. ಅಳೆಯಿರಿ. ಕ್ರಮ ಹೀಗೆ.

ಮುಳ್ಳು ಬಿದ್ದಾಗ ಪೆಟ್ರೋಲ್ ಮುಳ್ಳು ಮತ್ತು ಬಿಸಿ ತೋರಿಸುವ ಮುಳ್ಳು ಏನು ಮಾಡುತ್ತವೆ ನೋಡಿ. ಅವೂ ಬಿದ್ದರೆ ಕ್ಲಸ್ಟರ್‌ಗೆ ಬರುವ ಪವರ್ ಅಥವಾ ಅರ್ಥ್ ವೈರು ಸಡಿಲ. ಅವು ಸರಿಯಾಗಿದ್ದರೆ ಮುಂದೆ ಹೋಗಿ.

ಸೆನ್ಸರ್‌ಗೆ ಮೂರು ವೈರು ಇದ್ದರೆ ಅದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದ ಬದಲಾವಣೆ ಗುರುತಿಸುವ ಸೆನ್ಸರ್. ಕನೆಕ್ಟರ್ ಕಳಚಿ, ಕೀ ಆನ್ ಮಾಡಿ, ವೈರಿನ ಕಡೆಯಲ್ಲಿ ಅಳೆಯಿರಿ. ಒಂದರಲ್ಲಿ ಬ್ಯಾಟರಿ ವೋಲ್ಟೇಜ್ ಸಿಗಬೇಕು, ಕೆಲವು ಕಾರಿನಲ್ಲಿ 5 ವೋಲ್ಟ್. ಒಂದು ಅರ್ಥ್. ಮೂರನೆಯದು ಸಿಗ್ನಲ್ ವೈರು. ಸೆನ್ಸರ್ ಕಳಚಿದ್ದರೂ ಅದರಲ್ಲಿ 5 ಅಥವಾ 12 ವೋಲ್ಟ್ ಇರಬೇಕು. ಇದನ್ನು ಕೇಳಿ ಎಷ್ಟೋ ಮೆಕ್ಯಾನಿಕ್‌ಗಳು ಆಶ್ಚರ್ಯಪಡುತ್ತಾರೆ. ಆ ವೋಲ್ಟೇಜ್ ಬರುವುದು ಸೆನ್ಸರ್‌ನಿಂದಲ್ಲ, ವೈರಿನ ಇನ್ನೊಂದು ತುದಿಯಲ್ಲಿರುವ ಮಾಡ್ಯೂಲ್‌ನಿಂದ (ಕ್ಲಸ್ಟರ್, ಇಸಿಯು ಥರದ ಎಲೆಕ್ಟ್ರಾನಿಕ್ ಪೆಟ್ಟಿಗೆ). ಸೆನ್ಸರ್ ಮಾಡುವುದು ಒಂದೇ ಕೆಲಸ: ಆ ವೈರನ್ನು ಅರ್ಥ್‌ಗೆ ತಾಗಿಸುವುದು, ಬಿಡುವುದು. ವೋಲ್ಟೇಜ್ ಬರದಿದ್ದರೆ ಹೊಸ ಸೆನ್ಸರ್ ಹತ್ತು ಹಾಕಿದರೂ ಉಪಯೋಗವಿಲ್ಲ.

ಆಮೇಲೆ ನಿರ್ಣಯ ಕೊಡುವ ಪರೀಕ್ಷೆ. ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಪಲ್ಸ್ ಎಂದು ಅಳೆಯುವ ಮಲ್ಟಿಮೀಟರ್ ಬೇಕು. ಕ್ಲಸ್ಟರ್ ಹಿಂದಿನ ಕನೆಕ್ಟರ್‌ನಲ್ಲಿ ಸಿಗ್ನಲ್ ಒಳಬರುವ ವೈರಿಗೆ ಹಿಂಬದಿಯಿಂದ ತೆಳು ಪಿನ್ ಸೇರಿಸಿ ಮೀಟರ್ ಕಟ್ಟಿ. ಒಬ್ಬರು ಓಡಿಸಲಿ, ಪಕ್ಕದಲ್ಲಿ ಕೂತವರು ಮೀಟರ್ ನೋಡಲಿ. ಜಪಾನಿನ ಹಳೆಯ ಅಳತೆ ಪಾಲಿಸುವ ಕಾರುಗಳಲ್ಲಿ ಗಂಟೆಗೆ 60 ಕಿ.ಮೀ. ವೇಗಕ್ಕೆ ಸೆನ್ಸರ್ ಶಾಫ್ಟ್ ನಿಮಿಷಕ್ಕೆ 637 ಸುತ್ತು ತಿರುಗುತ್ತದೆ. ಸುತ್ತಿಗೆ 4 ಪಲ್ಸ್ ಎಂದರೆ ಕಿಲೋಮೀಟರಿಗೆ 2548 ಪಲ್ಸ್. ಆ ವೇಗದಲ್ಲಿ ಮೀಟರ್ ಸುಮಾರು 42 ಹರ್ಟ್ಸ್ ತೋರಿಸಬೇಕು. ನಿಮ್ಮ ಕಾರಿನ ಲೆಕ್ಕ ಬೇರೆ ಇರಬಹುದು, ಪರವಾಗಿಲ್ಲ. ಸರಿಯಿದ್ದಾಗ ಎಷ್ಟು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಳ್ಳು ಬಿದ್ದ ಕ್ಷಣದಲ್ಲೂ ಅಲ್ಲಿ ಅಷ್ಟೇ ಬರುತ್ತಿದ್ದರೆ ಸೆನ್ಸರ್, ಗೇರ್, ವೈರು ಎಲ್ಲ ನಿರ್ದೋಷಿ. ಕ್ಲಸ್ಟರ್ ಬಿಚ್ಚಿ, ಭೂತಗನ್ನಡಿ ಹಿಡಿದು ಪಿನ್ನುಗಳ ಬುಡ ನೋಡಿ. ಬಿರುಕು ಕಂಡ ಕಡೆ ಹೊಸ ಬೆಸುಗೆ ಹಾಕಿಸಿದರೆ ಸಾಕು. ಕ್ಲಸ್ಟರ್ ಬದಲಿಸಬೇಕಿಲ್ಲ, ಓಡಿದ ಕಿಲೋಮೀಟರ್ ಲೆಕ್ಕವೂ ಉಳಿಯುತ್ತದೆ. ಮುಳ್ಳಿನ ಜೊತೆ ಹರ್ಟ್ಸ್ ಕೂಡ ಬಿದ್ದರೆ, ಕಾರು ನಿಲ್ಲಿಸಿ, ಸೆನ್ಸರ್ ಕಳಚಿ ಅದೇ ವೈರಿನ ವೋಲ್ಟೇಜ್ ನೋಡಿ. 5 ಅಥವಾ 12 ಇಲ್ಲದಿದ್ದರೆ ಅನುಮಾನ ಕ್ಲಸ್ಟರ್ ಮೇಲೇ ಉಳಿಯುತ್ತದೆ, ಯಾಕೆಂದರೆ ಅದನ್ನು ಕೊಡುವುದು ಕ್ಲಸ್ಟರ್. ಇದ್ದರೆ ಮಾತ್ರ ಗೇರ್‌ಬಾಕ್ಸ್ ಕಡೆ ಹಿಂದಕ್ಕೆ ನಡೆಯಿರಿ. ಸೆನ್ಸರ್ ಕೊನೆಯಲ್ಲಿರುವ ಪ್ಲಾಸ್ಟಿಕ್ ಗೇರ್ ಹಲ್ಲು ಸವೆದಿದೆಯೇ ಎಂದೂ ನೋಡಿ. ಹೊಸ ಸೆನ್ಸರ್‌ಗೆ ಹಳೆಯ ಗೇರ್ ತೊಡಿಸುವವರಿದ್ದಾರೆ.

ಒಂದು ಅನುಭವ ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ನಾನೂ ಮಾಡುವುದರಲ್ಲಿದ್ದೆ. ಕೆಲವು ವರ್ಷದ ಹಿಂದೆ ಒಂದು ಕಾರು ಬಂತು. ಮೂರು ಸೆನ್ಸರ್ ಬದಲಾಗಿತ್ತು. ಸೆನ್ಸರ್ ಕಳಚಿ ಸಿಗ್ನಲ್ ವೈರು ಅಳೆದೆ. 5 ವೋಲ್ಟ್ ಇರಬೇಕಾದ ಕಡೆ 1.9 ಇತ್ತು. ಇಸಿಯು ಸರಿಯಾಗಿ ವೋಲ್ಟೇಜ್ ಕೊಡುತ್ತಿಲ್ಲ ಎಂದೇ ಅಂದುಕೊಂಡೆ. ಮಾಲೀಕರಿಗೆ ಹಾಗೇ ಹೇಳಲು ಫೋನ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಹಾಳೆ ನೋಡಿದೆ. ಆ ವೈರು ನಾಲ್ಕು ಕಡೆ ಕವಲೊಡೆಯುತ್ತಿತ್ತು. ಮೀಟರ್ ಕಟ್ಟಿದಂತೆಯೇ ಬಿಟ್ಟು ಒಂದೊಂದೇ ಮಾಡ್ಯೂಲ್ ಕನೆಕ್ಟರ್ ಕಳಚುತ್ತಾ ಹೋದೆ. ಸ್ಟೀರಿಂಗ್ ಇಸಿಯು ಕಳಚಿದೆ, 1.9. ಡೋರ್ ಲಾಕ್ ಬಾಕ್ಸ್ ಕಳಚಿದೆ, 1.9. ಸ್ಟೀರಿಯೊ ಹಿಂದಿನ ಪ್ಲಗ್ ಎಳೆದ ಕೂಡಲೇ 5 ವೋಲ್ಟ್‌ಗೆ ಹಾರಿತು. ಯಾರೋ ಹೊರಗಿನಿಂದ ಹಾಕಿಸಿದ ನ್ಯಾವಿಗೇಶನ್ ಇರುವ ಸ್ಟೀರಿಯೊ. ಅದರ ವೇಗದ ವೈರನ್ನು ಇದಕ್ಕೆ ಸೇರಿಸಿದ್ದರು, ಅದು ಒಳಗೇ ಕೆಟ್ಟು ಇಡೀ ವೈರನ್ನು ಕೆಳಗೆ ಎಳೆಯುತ್ತಿತ್ತು. ಆ ಒಂದು ವೈರು ಬಿಡಿಸಿದೆ, ಎಲ್ಲ ಸರಿಹೋಯಿತು. ಆವತ್ತಿನಿಂದ 'ಇಸಿಯು ಹೋಗಿದೆ' ಎಂಬ ಮಾತನ್ನು ಎಲ್ಲ ಕವಲು ಕಳಚಿ ನೋಡದೆ ನಾನು ಹೇಳಿಲ್ಲ.

*

ಪ್ರಶ್ನೆ: ಅಕ್ಕ, ನಾನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗ. ಒಂದು ಹೊಸ ಕಾರಿಗೆ ಬಲಗಡೆ ಮುಂದಿನ ಚಕ್ರದ ಬೇರಿಂಗ್ ಬದಲಿಸಿದೆ. ಆಚೆ ತೆಗೆದ ಕೂಡಲೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ, ಟ್ರ್ಯಾಕ್ಷನ್ ದೀಪ ಎರಡೂ ಹತ್ತಿದವು, ಸ್ಪೀಡೋಮೀಟರ್ ಕೂಡ ಕೆಲಸ ಮಾಡುತ್ತಿಲ್ಲ. ಕೋಡ್ ಸಿ0040, ಅಂದರೆ ಬಲ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್. ಲೈವ್ ಡೇಟಾದಲ್ಲಿ ಮೂರು ಚಕ್ರ 30 ತೋರಿಸುತ್ತವೆ, ಬಲ ಮುಂದಿನದು ಮಾತ್ರ 0. ಸೆನ್ಸರ್ ಹೊಸದು ಹಾಕಿದೆ, ಹಾಗೇ ಇದೆ. ಸೆನ್ಸರ್‌ನ ಓಮ್ಸ್ ಅಳೆದರೆ ಏನೇನೋ ಬರುತ್ತದೆ. ಮೇಷ್ಟ್ರು ಬೈಯುತ್ತಿದ್ದಾರೆ.

ಉತ್ತರ: ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರ ಹೋಲಿಸಿ ನೋಡಿದ್ದೀಯಲ್ಲ, ಅದು ಸರಿಯಾದ ಕೆಲಸ. ಅದನ್ನು ಬಿಡಬೇಡ.

ಬೇರಿಂಗ್ ಬದಲಿಸುವ ಮೊದಲು ಸರಿಯಿತ್ತು, ಆಮೇಲೆ ಕೆಟ್ಟಿತು. ಹಾಗಾದರೆ ಬೇರಿಂಗ್ ಹತ್ತಿರವೇ ಹುಡುಕು. ಈ ಥರದ ಕಾರಿನಲ್ಲಿ ಹಲ್ಲಿನ ಚಕ್ರ ಇರುವುದಿಲ್ಲ. ಬೇರಿಂಗ್‌ನ ಒಂದು ಕಡೆಯ ಸೀಲ್‌ನಲ್ಲೇ ಅಯಸ್ಕಾಂತದ ಉಂಗುರ ಸೇರಿರುತ್ತದೆ. ಅದರಲ್ಲಿ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಣ್ಣ ಸಣ್ಣ ಧ್ರುವಗಳು ಸಾಲಾಗಿರುತ್ತವೆ. ನೋಡಿದರೆ ಎರಡೂ ಕಡೆ ಒಂದೇ ಥರ ಕಪ್ಪು ಸೀಲ್. ಅಯಸ್ಕಾಂತದ ಕಡೆ ಸೆನ್ಸರ್ ಕಡೆಗೆ ಇರಬೇಕು. ನೀನು ಅದನ್ನು ತಿರುಗಾಮುರುಗಾ ಒತ್ತಿದ್ದೀಯ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿ.

ಪರೀಕ್ಷೆ ಸುಲಭ. ಸೆನ್ಸರ್ ಬಿಚ್ಚಿ, ಆ ತೂತಿನ ಮೂಲಕ ಸೀಲ್‌ಗೆ ಒಂದು ಸಣ್ಣ ಪೇಪರ್ ಕ್ಲಿಪ್ ತಾಗಿಸು. ಮೆಲ್ಲಗೆ ಎಳೆದುಕೊಂಡರೆ ಅಯಸ್ಕಾಂತ ಅಲ್ಲಿದೆ. ಸೀಲ್ ಒಳಗಿನ ಬರೀ ಕಬ್ಬಿಣ ಕ್ಲಿಪ್ಪನ್ನು ಎಳೆಯುವುದಿಲ್ಲ. ಅಯಸ್ಕಾಂತದ ಗೆರೆಗಳನ್ನು ತೋರಿಸುವ ಹಸಿರು ಕಾರ್ಡ್ ಬರುತ್ತದೆ. ಅದನ್ನು ಮುಂದಿನ ಬೇರಿಂಗ್ ಒತ್ತುವ ಮೊದಲೇ ಎರಡೂ ಕಡೆ ಇಟ್ಟು ನೋಡುವ ಅಭ್ಯಾಸ ಮಾಡಿಕೋ. ಬೇರಿಂಗನ್ನು ಅಯಸ್ಕಾಂತದ ತಟ್ಟೆಯಲ್ಲಿ ಇಡಬೇಡ, ಧ್ರುವಗಳು ಕೆಡುತ್ತವೆ.

ತಪ್ಪು ಒತ್ತಿದ ಬೇರಿಂಗ್ ತೆಗೆಯುವಾಗ ಸಾಮಾನ್ಯವಾಗಿ ಹಾಳಾಗುತ್ತದೆ. ಇನ್ನೊಂದು ಹೊಸದೇ ಬೇಕಾಗುತ್ತದೆ. ಮೇಷ್ಟ್ರಿಗೆ ನೀನೇ ಮೊದಲು ಹೇಳು. ಗ್ರಾಹಕರ ತಲೆಗೆ ಅದನ್ನು ಕಟ್ಟುವುದು ಬೇಡ.

ಓಮ್ಸ್ ವಿಷಯ. ಎರಡು ವೈರಿನ ಸೆನ್ಸರ್‌ನಲ್ಲಿ ಎರಡು ಜಾತಿ. ಹಳೆಯದು ಬರೀ ಸುರುಳಿ. ಅದರ ಓಮ್ಸ್ ಅಳೆಯಬಹುದು, ಚಕ್ರ ತಿರುಗಿಸಿದರೆ ಎಸಿ ವೋಲ್ಟೇಜ್ ಹುಟ್ಟುತ್ತದೆ, ಜೋರಾಗಿ ತಿರುಗಿಸಿದಷ್ಟೂ ಜಾಸ್ತಿ. ನಿನ್ನ ಹತ್ತಿರ ಇರುವುದು ಹೊಸ ಜಾತಿ, ಒಳಗೆ ಎಲೆಕ್ಟ್ರಾನಿಕ್ಸ್ ಇದೆ. ಓಮ್ಸ್ ಅಳತೆಗೆ ಅಲ್ಲಿ ಅರ್ಥವಿಲ್ಲ. ಅದು ಎಬಿಎಸ್ ಮಾಡ್ಯೂಲ್‌ನಿಂದ ಪವರ್ ತೆಗೆದುಕೊಂಡು, ಧ್ರುವ ಬದಲಾದಂತೆ ಒಮ್ಮೆ ಸುಮಾರು 7 ಮಿಲಿಆಂಪ್, ಒಮ್ಮೆ 14 ಮಿಲಿಆಂಪ್ ಎಳೆಯುತ್ತದೆ. ಮಾಡ್ಯೂಲ್ ಎಣಿಸುವುದು ಆ ಏರಿಳಿತವನ್ನು. ನೋಡಬೇಕೆಂದರೆ ಒಂದು ವೈರಿನಲ್ಲಿ ಸಾಲಾಗಿ 100 ಓಮ್ಸ್ ರೆಸಿಸ್ಟರ್ ಹಾಕಿ ಅದರ ಎರಡು ತುದಿ ನಡುವೆ ಅಳೆ. ಚಕ್ರವನ್ನು ತೀರಾ ನಿಧಾನ ತಿರುಗಿಸಿದರೆ 0.7 ಮತ್ತು 1.4 ವೋಲ್ಟ್ ನಡುವೆ ಆಡಬೇಕು. 0.7ರಲ್ಲೋ 1.4ರಲ್ಲೋ ಅಲ್ಲಾಡದೆ ನಿಂತರೆ ಸೆನ್ಸರ್ ಬದುಕಿದೆ, ಅದರ ಮುಂದೆ ಓಡಬೇಕಾದ ಅಯಸ್ಕಾಂತ ಇಲ್ಲ ಎಂದರ್ಥ.

ಸ್ಪೀಡೋಮೀಟರ್ ಯಾಕೆ ನಿಂತಿತು ಎಂದರೆ, ನಿನ್ನ ಕಾರಿನಲ್ಲಿ ಗೇರ್‌ಬಾಕ್ಸ್ ಮೇಲೆ ಮೀಟರ್‌ಗೆಂದೇ ಬೇರೆ ಸೆನ್ಸರ್ ಇಲ್ಲ. ನಾಲ್ಕು ಚಕ್ರದ ಲೆಕ್ಕ ನೋಡಿ ಎಬಿಎಸ್ ಮಾಡ್ಯೂಲ್ ಕಾರಿನ ವೇಗ ಹೇಳುತ್ತದೆ. ಒಂದು ಚಕ್ರದ ಮೇಲೆ ನಂಬಿಕೆ ಹೋದರೆ ಕೆಲವು ಕಾರುಗಳು ಉಳಿದ ಮೂರರಿಂದ ಹೇಳುತ್ತವೆ, ಕೆಲವು ಹೇಳುವುದನ್ನೇ ನಿಲ್ಲಿಸುತ್ತವೆ.

*

ಪ್ರಶ್ನೆ: ಪಿ0500 ಜೊತೆಗೆ ಯು0121 ಕೂಡ ಬಂದಿದೆ. ಯಾವುದನ್ನು ಮೊದಲು ನೋಡಬೇಕು?

ಉತ್ತರ: ಯು0121. ಎಬಿಎಸ್ ಮಾಡ್ಯೂಲ್ ಮಾತಾಡುತ್ತಿಲ್ಲ ಎಂದು ಅದರ ಅರ್ಥ. ವೇಗ ಹೇಳುವವರೇ ಸುಮ್ಮನಿದ್ದಾರೆ, ಹಾಗಾಗಿ ಇಸಿಯುಗೆ ವೇಗ ಸಿಗುತ್ತಿಲ್ಲ. ಇಲ್ಲಿ ಪಿ0500 ಬರೀ ಬಾಲ.

ಮೊದಲು ಎಬಿಎಸ್ ಮಾಡ್ಯೂಲ್‌ನ ಫ್ಯೂಸುಗಳು ಮತ್ತು ಅರ್ಥ್. ಅರ್ಥ್ ಬೋಲ್ಟ್ ಕೆಳಗೆ ಕಿಲುಬು ಕಟ್ಟಿರುವುದನ್ನು ತುಂಬಾ ಸಲ ನೋಡಿದ್ದೇನೆ. ಅದು ಸರಿಯಿದ್ದರೆ ಕ್ಯಾನ್ ವೈರು ನೋಡಿ, ಅಂದರೆ ಮಾಡ್ಯೂಲ್‌ಗಳು ಒಂದರ ಜೊತೆ ಒಂದು ಮಾತಾಡುವ ಜೋಡಿ ವೈರು. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಒಬಿಡಿ ಸಾಕೆಟ್‌ನ (ಸ್ಕ್ಯಾನರ್ ಚುಚ್ಚುವ ಜಾಗ) 6 ಮತ್ತು 14ನೇ ಪಿನ್ ನಡುವೆ ಓಮ್ಸ್ ಅಳೆಯಿರಿ. ಎರಡು ತುದಿಯಲ್ಲಿ ತಲಾ 120 ಓಮ್ಸ್ ಇರುವುದರಿಂದ 60ರ ಹತ್ತಿರ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ಸಾಕೆಟ್ ಮತ್ತು ಆ ವೈರಿನ ನಡುವೆ ಗೇಟ್‌ವೇ ಮಾಡ್ಯೂಲ್ (ನಡುವೆ ಕೂತು ಸಂದೇಶ ದಾಟಿಸುವ ಪೆಟ್ಟಿಗೆ) ಇರುವ ಕಾರಿನಲ್ಲಿ ಈ ಅಳತೆ ಸಾಕೆಟ್‌ನಲ್ಲಿ ಸಿಗದು. ಆಗ ಎಬಿಎಸ್ ಕನೆಕ್ಟರ್‌ನಲ್ಲೇ ಅಳೆಯಬೇಕು.

*

ಪ್ರಶ್ನೆ: 175/65 ಆರ್14 ಟೈರ್ ತೆಗೆದು 185/70 ಆರ್14 ಹಾಕಿಸಿದೆ. ಮೊದಲು ಮೀಟರ್ 100 ತೋರಿಸಿದಾಗ ಮೊಬೈಲಿನ ಜಿಪಿಎಸ್ 94 ತೋರಿಸುತ್ತಿತ್ತು. ಈಗ 99 ತೋರಿಸುತ್ತದೆ. ಸ್ಪೀಡ್ ಸೆನ್ಸರ್ ಕೆಡುತ್ತಿದೆಯೇ?

ಉತ್ತರ: ಇಲ್ಲ, ಸೆನ್ಸರ್ ಸರಿಯಾಗಿಯೇ ಎಣಿಸುತ್ತಿದೆ. ಅದಕ್ಕೆ ಗೊತ್ತಿರುವುದು ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಮಾತ್ರ. ಸುತ್ತಿಗೆ ಎಷ್ಟು ದೂರ ಎಂಬ ಲೆಕ್ಕ ಹಳೆಯ ಟೈರಿನದ್ದು. ನಿಮ್ಮ ಹಳೆಯ ಟೈರಿನ ಅಡ್ಡಳತೆ ಸುಮಾರು 583 ಮಿ.ಮೀ., ಹೊಸದರದ್ದು ಸುಮಾರು 615. ಹೆಚ್ಚುಕಡಿಮೆ ಶೇ. 5.4 ದೊಡ್ಡದು. 94ಕ್ಕೆ ಅಷ್ಟು ಸೇರಿಸಿ, 99 ಬರುತ್ತದೆ.

ಮೊದಲಿದ್ದ 6 ಕಿ.ಮೀ. ವ್ಯತ್ಯಾಸವೂ ದೋಷವಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸುವುದಾದರೆ ನಿಜವಾದ ವೇಗದ ಹತ್ತನೇ ಒಂದು ಭಾಗ ಮತ್ತು ಮೇಲೆ 4 ಕಿ.ಮೀ.ವರೆಗೆ ತೋರಿಸಬಹುದು. ಅದಕ್ಕೇ ತಯಾರಕರು ಸ್ವಲ್ಪ ಮುಂದೆ ಇಟ್ಟಿರುತ್ತಾರೆ. ನೀವು ಆ ಅಂತರವನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಬಿಟ್ಟಿದ್ದೀರಿ. ಇದಕ್ಕಿಂತ ದೊಡ್ಡ ಟೈರಿಗೆ ಹೋಗಬೇಡಿ. ಓಡಿದ ದೂರವೂ ಇನ್ನು ಮೇಲೆ ಕಡಿಮೆ ದಾಖಲಾಗುತ್ತದೆ, ಸರ್ವೀಸಿಗೆ ಸ್ವಲ್ಪ ಮೊದಲೇ ಹೋಗಿ.

ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಟೈರ್ ಅಥವಾ ಸೆಟ್ಟಿಂಗ್ ನೋಡಿ. ಸೆನ್ಸರ್, ವೈರು ಕೆಟ್ಟರೆ ಮುಳ್ಳು ಕುಣಿಯುತ್ತದೆ, ಜಾರುತ್ತದೆ, ಬೀಳುತ್ತದೆ.

*

ಪ್ರಶ್ನೆ: ಮುಂದಿನ ಚಕ್ರ ಎಳೆಯುವ ಕಾರು. ಗೇರ್‌ಬಾಕ್ಸ್‌ನಲ್ಲಿ ಮೂರು ವೈರಿನ ಸೆನ್ಸರ್. ಎರಡೂ ಮುಂದಿನ ಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿ ಒಂದನ್ನು ಕೈಯಿಂದ ತಿರುಗಿಸಿದೆ. ಸಿಗ್ನಲ್ ವೋಲ್ಟೇಜ್ ಅಲ್ಲಾಡಲೇ ಇಲ್ಲ. ಸೆನ್ಸರ್ ಸತ್ತಿದೆ ಎಂದುಕೊಳ್ಳಲೇ?

ಉತ್ತರ: ಇನ್ನೂ ಬೇಡ. ನೀವು ಒಂದು ಚಕ್ರ ತಿರುಗಿಸಿದಾಗ ಇನ್ನೊಂದು ಹಿಂದಕ್ಕೆ ತಿರುಗಿತಲ್ಲ, ಗಮನಿಸಿದಿರಾ? ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಒಳಗಿನ ಸಣ್ಣ ಗೇರ್‌ಗಳು ಮಾತ್ರ ಸುತ್ತಿದವು. ಸೆನ್ಸರನ್ನು ತಿರುಗಿಸುವ ದೊಡ್ಡ ಭಾಗ ನಿಂತೇ ಇತ್ತು.

ಒಂದು ಚಕ್ರ ನೆಲದ ಮೇಲೇ ಇರಲಿ, ಇನ್ನೊಂದನ್ನು ಮಾತ್ರ ಎತ್ತಿ. ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಜಾಕ್ ಪಕ್ಕ ಸ್ಟ್ಯಾಂಡ್ ಇಟ್ಟ ಮೇಲೆಯೇ ಕೈ ಹಾಕಿ. ಬರೀ ಜಾಕ್ ನಂಬಬೇಡಿ, ದಯವಿಟ್ಟು. ಕೀ ಆನ್, ಗೇರ್ ನ್ಯೂಟ್ರಲ್, ಸೆನ್ಸರ್ ಕನೆಕ್ಟರ್ ಸೇರಿಸಿದಂತೆಯೇ ಇರಲಿ, ಹಿಂಬದಿಯಿಂದ ಅಳೆಯಿರಿ. ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ವೋಲ್ಟೇಜ್ ಸೊನ್ನೆ ಹತ್ತಿರಕ್ಕೆ ಇಳಿದು, ಮತ್ತೆ 5 ಅಥವಾ 12ಕ್ಕೆ ಏರಬೇಕು. ಒಂದು ಚಕ್ರವೇ ತಿರುಗುವುದರಿಂದ ಸೆನ್ಸರ್ ಶಾಫ್ಟ್ ಅರ್ಧ ವೇಗದಲ್ಲಿ ತಿರುಗುತ್ತದೆ, ಅವಸರ ಮಾಡದೆ ಒಂದೆರಡು ಸುತ್ತು ಪೂರ್ತಿ ತಿರುಗಿಸಿ ನೋಡಿ. ಆಗಲೂ ಅಲ್ಲಾಡದಿದ್ದರೆ ಸೆನ್ಸರ್ ಹೊರತೆಗೆದು, ಪ್ಲಗ್ ಹಾಕಿದಂತೆಯೇ ಇಟ್ಟುಕೊಂಡು ಅದರ ಗೇರನ್ನು ಬೆರಳಿನಿಂದ ತಿರುಗಿಸಿ. ಬೆರಳಿಗೆ ವೋಲ್ಟೇಜ್ ಆಡಿದರೆ ದೋಷ ಗೇರ್‌ಬಾಕ್ಸ್ ಒಳಗಿನ ಹಲ್ಲಿನಲ್ಲಿ. ಅದಕ್ಕೂ ಆಡದಿದ್ದರೆ, ಮತ್ತು ಪವರ್, ಅರ್ಥ್ ಎರಡೂ ಸರಿಯಿದ್ದು, ಪ್ಲಗ್ ಕಳಚಿದಾಗ ಸಿಗ್ನಲ್ ವೈರಿನಲ್ಲಿ 5 ಅಥವಾ 12 ವೋಲ್ಟ್ ಇದ್ದರೆ, ಆಗ ಹೊಸ ಸೆನ್ಸರ್ ತನ್ನಿ.